ವಕೀಲರ ಪಿಯಾನೊ

ಪಿಯಾನೊ ಕಲಿಯಲು ನಾನು ಬಾಗಲಕೋಟೆಗೆ ಹೋದಾಗ ನನಗೆ ಹನ್ನೆರಡು ತುಂಬಿತ್ತು. ಐವತ್ತರ ದಶಕದ ನಡುವಿನ ಮಾತು. ನಮ್ಮ ಕಡೆಯ ಊರುಗಳೆಲ್ಲ ಇನ್ನೂ ಮುಂಬಯಿ ಸರಕಾರದ ಕೈಯಲ್ಲಿದ್ದವು. ಅಪ್ಪ ಹುನಗುಂದದಲ್ಲಿ ಸಾಲಿ ಮಾಸ್ತರರು. ಅವ್ವ ಇಳಕಲ್ಲಿನ ನೇಕಾರರ ಮನೆಯವಳು. ಪಿಯಾನೊ ಎಂಬ ಶಬ್ದವನ್ನು ನಾವು ಮೂವರೂ ಒಂದೇ ದಿನ ಮೊದಲ ಸಲ ಕೇಳಿದೆವು.

ಆ ದಿನ ಬಾಗಲಕೋಟೆಯಿಂದ ಒಬ್ಬ ವಯಸ್ಸಾದ ಹೆಣ್ಣುಮಗಳು ನಮ್ಮ ಸಾಲಿಗೆ ಬಂದಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಬಣ್ಣ ಮಾಸಿದ ಇಳಕಲ್ ಸೀರೆ. ಜೊತೆಗೆ ಸಂಗೀತ ಕಲಿಸುವ, ಗದಗಿನ ಕ್ರೈಸ್ತ ಕುಟುಂಬದ ಒಬ್ಬ ಅಕ್ಕೋರು. ಅಕ್ಕೋರು ಸಾಲಿಯ ಹಾರ್ಮೋನಿಯಂ ಪೇಟಿಯ ಮೇಲೆ ಒಂದು ಧಾಟಿ ನುಡಿಸಿ, ಅದನ್ನೇ ತಿರುಗಿ ಬಾರಿಸಲು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದರು. ಅಪ್ಪ ಮನೆಯಲ್ಲಿ ಭಜನೆಗೆ ಪೇಟಿ ಬಾರಿಸುತ್ತಿದ್ದರು, ನನಗೂ ಕೈ ರೂಢಿಯಾಗಿತ್ತು. ನಾನು ಎರಡನೇ ಸಲಕ್ಕೆ ತಪ್ಪಿಲ್ಲದೆ ಬಾರಿಸಿದೆ. ಆ ಮುದುಕಿ ನನ್ನ ಕೈ ಹಿಡಿದು ಬೆರಳುಗಳನ್ನು ಅಗಲಿಸಿ ನೋಡಿದರು.

"ಈ ಹುಡುಗಿ ಸಾಕು," ಎಂದರು.

ಸಂಜೆ ನಮ್ಮ ಮನೆಗೇ ಬಂದು ಅಪ್ಪನಿಗೆ ಎಲ್ಲ ಬಿಡಿಸಿ ಹೇಳಿದರು. ಅವರ ಯಜಮಾನರು ಬಾಗಲಕೋಟೆಯಲ್ಲಿ ವಕೀಲರಾಗಿದ್ದವರು. ಮುಂಬಯಿಯಲ್ಲಿ ಕಾಯದೆ ಓದುವಾಗ ಅವರ ಖೋಲಿಯ ಎದುರಿಗೆ ಒಂದು ಪಾರ್ಸಿ ಮನೆಯಿತ್ತು. ಆ ಮನೆಯ ಮುದುಕಿ ದಿನಾ ಪಿಯಾನೊ ಬಾರಿಸುತ್ತಿದ್ದಳು. ಇವರು ಕಿಟಕಿಯಲ್ಲಿ ನಿಂತು ಕೇಳಿ ಕೇಳಿ, ಕೊನೆಗೆ ನಾಚಿಕೆ ಬಿಟ್ಟು ಹೋಗಿ ಅವಳ ಹತ್ತಿರವೇ ಕಲಿತರು. ಊರಿಗೆ ಬಂದ ಮೇಲೆ, ಕಲಾದಗಿಯಲ್ಲಿ ಹಳೆಯ ಸಾಹೇಬರೊಬ್ಬರ ಬಂಗಲೆಯ ಸಾಮಾನು ಲಿಲಾವಿಗೆ, ಅಂದರೆ ಹರಾಜಿಗೆ ಬಂದಾಗ, ಬೇರೆ ಯಾರಿಗೂ ಬೇಡವಾದ ಪಿಯಾನೊ ಇವರ ಪಾಲಿಗೆ ಬಂತು. ಎರಡು ಚಕ್ಕಡಿ ಕೂಡಿಸಿ ಕಟ್ಟಿ ಅದನ್ನು ತಂದರಂತೆ. ಮಹಡಿಯ ಕಿಟಕಿಯ ಚೌಕಟ್ಟು ಒಡೆದು ಹಗ್ಗದಿಂದ ಮೇಲೆಳೆದರಂತೆ. ಊರವರು ಅದನ್ನು ದೊಡ್ಡ ಪೇಟಿ ಎನ್ನುತ್ತಿದ್ದರು. ಮಕ್ಕಳಿರಲಿಲ್ಲ. ಸಾಯುವ ಮೊದಲು ವಕೀಲರು ಒಂದು ಮೃತ್ಯುಪತ್ರ ಬರೆದಿಟ್ಟರು. ಈ ಸೀಮೆಯ ಒಂದು ಮಗುವಾದರೂ ತಮ್ಮ ಮನೆಯಲ್ಲಿದ್ದು, ಅದೇ ಖೋಲಿಯಲ್ಲಿ, ಅದೇ ಜಾಗದಲ್ಲಿ ಪಿಯಾನೊ ಕಲಿಯಬೇಕು. ಮಗುವಿನ ಊಟ, ಸಾಲಿ, ಅಕ್ಕೋರ ಪಗಾರ ಎಲ್ಲ ಕಲಾದಗಿಯ ತೋಟದ ಉತ್ಪನ್ನದಿಂದ ನಡೆಯಬೇಕು.

"ಪರಊರಾಗ ಹೆಣ್ಣ ಹುಡುಗೀನ ಬಿಟ್ಟ ಬರಾಕ ನಿಮಗ ತಲಿಗಿಲಿ ಕೆಟ್ಟೈತೇನು?" ಎಂದು ಅವ್ವ ಒಳಗಿನಿಂದ ಅಪ್ಪನನ್ನು ಬೈದಳು.

ಮುದುಕಿ ಸಿಟ್ಟಾಗಲಿಲ್ಲ. "ತಂಗೀ, ನಿನ್ನ ಮಗಳನ್ನ ನನ್ನ ಮೊಮ್ಮಗಳಂಗ ಇಟಗೋತೇನಿ," ಎಂದರು.

"ಒಂದ ವರ್ಷ ನೋಡೂಣು. ಒಲ್ಲೆ ಅಂದ್ರ ಕರಕೊಂಡ ಬರೂಣು," ಎಂದರು ಅಪ್ಪ. ಅವರು ನನ್ನ ಮುಖ ನೋಡಿಯೇ ಹಾಗೆಂದರೆಂದು ನನಗೆ ಗೊತ್ತಿತ್ತು.

ಜೂನ್ ತಿಂಗಳಲ್ಲಿ ಅಪ್ಪನ ಜೊತೆ ಬಸ್ಸು ಹತ್ತಿದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಅಪ್ಪ ಕರದಂಟು ಕೊಡಿಸಿದರು. ಕಮತಗಿ ದಾಟುವವರೆಗೂ ಅದನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದೆ, ತಿನ್ನಲು ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಬಾಗಲಕೋಟೆಯ ಹೆಂಗಸು ಎಲ್ಲಿಗೆಂದು ಕೇಳಿದಳು. ಅಪ್ಪ ವಕೀಲರ ಮನೆಯ ಹೆಸರು ಹೇಳಿದರು. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಳಿಯುವ ಮುಂಚೆ ಅಪ್ಪನಿಗೆ ಕೇಳುವಂತೆ, "ಹ್ವಾದ ವರ್ಷ ಬಾದಾಮಿ ಹುಡುಗಿ ಬಂದಿದ್ಲರಿ ಅಲ್ಲಿ. ಎರಡ ತಿಂಗಳಿಗೆ ಓಡಿ ಹ್ವಾದ್ಲು. ಆ ಖೋಲ್ಯಾಗ ನೆಲಾನ ನಡಗತೈತಿ ಅಂತಿದ್ಲಂತ," ಎಂದಳು.

ಅಪ್ಪ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

ವಕೀಲರ ಮನೆ ಕೋಟೆ ಭಾಗದ ಇಕ್ಕಟ್ಟಿನ ಓಣಿಯಲ್ಲಿತ್ತು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಕಾಲಿಟ್ಟರೆ ತಣ್ಣಗಿನ ಕತ್ತಲೆ. ಮನೆಯಲ್ಲಿ ಇದ್ದವರು ನಾನು ಮತ್ತು ಆ ಮುದುಕಿ ಇಬ್ಬರೇ. ಅವರನ್ನು ಆಯಿ ಎಂದು ಕರೆಯಲು ಶುರು ಮಾಡಿದೆ. ಅಕ್ಕೋರು ಶನಿವಾರ ಗದಗಿನಿಂದ ರೈಲಿಗೆ ಬಂದು ರವಿವಾರ ಸಂಜೆ ಹೋಗುತ್ತಿದ್ದರು. ಉಳಿದ ದಿನ ಸಾಲಿ ಬಿಟ್ಟ ಮೇಲೆ ನಾನೇ ಅಭ್ಯಾಸ ಮಾಡಬೇಕು.

ಪಿಯಾನೊ ಮಹಡಿಯ ಖೋಲಿಯಲ್ಲಿತ್ತು. ಮೊದಲ ಸಲ ಅದರ ಮುಚ್ಚಳ ತೆಗೆದು ಸ್ವರದ ಒಂದು ಮನೆ ಒತ್ತಿದಾಗ ಬಂದ ನಾದ ಪೇಟಿಯ ಹಾಗೆ ಕಿವಿಗೆ ಮಾತ್ರ ಬರಲಿಲ್ಲ, ಕಾಲಿನಿಂದ ಮೇಲೇರಿತು. ಎಡಗೈಯ ಕೊನೆಯ ಮನೆಗಳನ್ನು ಒತ್ತಿದರೆ ನೆಲ ನಿಜವಾಗಿಯೂ ನಡುಗುತ್ತಿತ್ತು. ಬಾದಾಮಿಯ ಹುಡುಗಿ ಸುಳ್ಳು ಹೇಳಿರಲಿಲ್ಲ. ಆದರೆ ಅವಳಿಗೆ ಹೆದರಿಕೆಯಾದದ್ದು ನನಗೆ ಹಿಗ್ಗಾಯಿತು. ನಾಲ್ಕು ತಿಂಗಳಲ್ಲಿ ಎರಡೂ ಕೈ ಕೂಡಿಸಿ ಬಾರಿಸಲು ಕಲಿತೆ. ಯಾರೋ ಜರ್ಮನ್ ಸಂಗೀತಗಾರ ಮಕ್ಕಳಿಗೆಂದೇ ಬರೆದ ಒಂದು ಸಣ್ಣ ರಚನೆಯನ್ನು ಅಕ್ಕೋರು ಕಲಿಸಿದ ದಿನ ನನಗೆ ಊಟವೇ ಬೇಡವಾಗಿತ್ತು.

ನಾನು ಬಾರಿಸುವಾಗ ಆಯಿ ಎಂದೂ ಮೇಲೆ ಬರುತ್ತಿರಲಿಲ್ಲ. ಸರಿಯಾಗಿ ಪಿಯಾನೊದ ಕೆಳಗೆ ಬರುವ ಖೋಲಿಯಲ್ಲಿ ಒಂದು ಆರಾಮ ಕುರ್ಚಿ ಹಾಕಿಕೊಂಡು, ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದೆ.

"ಅವರು ಬಾರಸ್ತಿದ್ದಾಗ ನಾ ಹೊಸಾ ಸೊಸಿ. ಮ್ಯಾಲ ಹೋಗಾಕ ನಾಚಿಕಿ. ಕೆಳಗ ಕುಂತ ಕೇಳತಿದ್ದೆ. ಅದ ರೂಢಿ ಬಿದ್ದೈತಿ," ಎಂದರು.

ಆ ಖೋಲಿಯೊಳಗೆ ನನ್ನನ್ನು ಬಿಡುತ್ತಿರಲಿಲ್ಲ. ಕಸವನ್ನೂ ತಾವೇ ಗುಡಿಸುತ್ತಿದ್ದರು.

ಮೊದಲ ವರ್ಷ ಮುಗಿದು ಬೇಸಿಗೆಯಲ್ಲಿ ಊರಿಗೆ ಹೋಗಿ ಬಂದೆ. ತಿರುಗಿ ಬಂದ ಮರುದಿನ ಪಿಯಾನೊದ ಕೆಳಗೆ ಉರುಳಿದ ಪೆನ್ಸಿಲು ತೆಗೆಯಲು ಬಗ್ಗಿದಾಗ ಬಿರುಕು ಕಣ್ಣಿಗೆ ಬಿತ್ತು. ಗೋಡೆಯ ಬುಡದಿಂದ ಹೊರಟು, ಮಣ್ಣಿನ ನೆಲದ ಮೇಲೆ ಪಿಯಾನೊದ ಹಿಂಗಾಲಿನವರೆಗೆ ಬಂದಿತ್ತು. ಕಿರುಬೆರಳು ಹಾಕಿದೆ. ಒಳಗೆ ಹೋಯಿತು. ಆ ಕಾಲಿನ ಕೆಳಗಿನ ನೆಲ ಒಂದಿಷ್ಟು ಕುಸಿದಿತ್ತು. ಎದ್ದು ನಿಂತು ನೋಡಿದರೆ ಪಿಯಾನೊ ಗೋಡೆಯ ಕಡೆ ಸ್ವಲ್ಪ ವಾಲಿದಂತೆ ಕಂಡಿತು.

ಕೆಳಗೆ ಹೋಗಿ ಆಯಿಗೆ ಹೇಳಬೇಕಿತ್ತು. ಜಿನ್ನೆಯ ಮೆಟ್ಟಿಲವರೆಗೆ ಹೋದೆ ಕೂಡ. ಆದರೆ ಹೇಳಿದರೆ ಪಿಯಾನೊ ಬಾರಿಸುವುದನ್ನು ನಿಲ್ಲಿಸುತ್ತಾರೆ, ನನ್ನನ್ನು ಹುನಗುಂದಕ್ಕೆ ಕಳಿಸುತ್ತಾರೆ ಎಂದು ಹೆದರಿದೆ. ವಾಪಸು ಬಂದು, ಮೂಲೆಯಲ್ಲಿ ಸುತ್ತಿಟ್ಟಿದ್ದ ಜಮಖಾನೆಯನ್ನು ಬಿರುಕಿನ ಮೇಲೆ ಹಾಸಿದೆ.

ಆಮೇಲೆ ದಿನಾ ಮೊದಲ ಕೆಲಸ ಅದೇ ಆಯಿತು. ಜಮಖಾನೆಯ ತುದಿ ಎತ್ತಿ ಬೆರಳು ಹಾಕಿ ನೋಡುವುದು. ಶ್ರಾವಣದ ಹೊತ್ತಿಗೆ ನಡುಬೆರಳು ಹೋಗುತ್ತಿತ್ತು. ಗಣಪತಿ ಹಬ್ಬದ ಹೊತ್ತಿಗೆ ಎರಡು ಬೆರಳು. ಎಡಗೈಯ ಮನೆಗಳನ್ನು ಮೆಲ್ಲಗೆ ಒತ್ತಲು ಶುರು ಮಾಡಿದೆ. ಅಕ್ಕೋರು, "ಎಡಗೈಗೇನಾಗೇತಿ? ಊಟ ಮಾಡಿಲ್ಲೇನು?" ಎಂದು ಬೈದರು. ಗಟ್ಟಿಯಾಗಿ ಒತ್ತಿದೆ. ಎಲ್ಲೋ ಕೆಳಗೆ ಕಟ್ಟಿಗೆ ನರಳಿದಂತೆ ಸದ್ದಾಯಿತು. ಅಕ್ಕೋರು ತಲೆಯೆತ್ತಿ, "ಏನದು?" ಎಂದರು.

"ಬಾಗಲದ ಸಪ್ಪಳರಿ," ಎಂದೆ.

ವಕೀಲರ ತಮ್ಮನ ಮಗನೊಬ್ಬ ಅದೇ ಓಣಿಯಲ್ಲಿದ್ದ. ಅರಳೆ ವ್ಯಾಪಾರಿ, ಎತ್ತರದ ಆಳು. ಸೋಮವಾರ ತಪ್ಪದೆ ಬರುತ್ತಿದ್ದ. ಬಂದವನು ಕೂರುವ ಮೊದಲು ಕಂಬಗಳನ್ನು ಒಂದೊಂದಾಗಿ ಬೆರಳ ಗಿಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದ. ಗೋಡೆಗೆ ಅಂಗೈ ಊರಿ ನಿಲ್ಲುತ್ತಿದ್ದ. ಆಯಿ ಅವನಿಗೆ ಚಹ ಕೊಟ್ಟು, ಅವನು ಹೋಗುವವರೆಗೆ ಬಾಗಿಲ ಕಡೆಯೇ ನೋಡುತ್ತಿದ್ದರು. ಒಂದು ಸೋಮವಾರ ನಾನು ಸಾಲಿಯಿಂದ ಬರುವಾಗ ಹೊಸ್ತಿಲಲ್ಲೇ ಎದುರಾದ.

"ಮ್ಯಾಲಿನ ಖೋಲಿ ಬೇಷಿ ಐತಿಲ್ಲ, ತಂಗೀ?" ಎಂದು ಕೇಳಿದ.

"ಬೇಷಿ ಐತ್ರಿ."

"ನೆಲಾ ಗಿಲಾ?"

"ಬೇಷಿ ಐತ್ರಿ," ಎಂದೆ ಮತ್ತೊಮ್ಮೆ. ಅವನು ನನ್ನ ಮುಖವನ್ನು ತುಸು ಹೊತ್ತು ನೋಡಿ ಹೋದ. ಅವತ್ತಿನಿಂದ ಸೋಮವಾರ ಬಂತೆಂದರೆ ನಾನು ಸಾಲಿಯಿಂದ ತಡಮಾಡಿಯೇ ಮನೆಗೆ ಬರುತ್ತಿದ್ದೆ.

ಆ ವರ್ಷ ಹಿಂಗಾರು ಮಳೆ ಹಿಡಿಯಿತು. ಮೂರು ದಿನ ಬಿಡಲೇ ಇಲ್ಲ. ಗೋಡೆ ನೀರು ಕುಡಿದು ಕಪ್ಪಗಾಯಿತು. ಮಹಡಿಯ ಬಾಗಿಲು ಚೌಕಟ್ಟಿಗೆ ಸಿಕ್ಕಿ, ಭುಜ ಕೊಟ್ಟು ನೂಕಿದರೆ ಮಾತ್ರ ತೆಗೆಯುತ್ತಿತ್ತು. ಅದೇ ಮಳೆಯಲ್ಲಿ ಆಯಿಗೆ ಜ್ವರ ಬಂತು. ಪಡಸಾಲೆಯಲ್ಲಿ ಹೊದ್ದು ಮಲಗಿದ್ದರು. ಮಧ್ಯಾಹ್ನ ಅವರಿಗೆ ಇನ್ನೊಂದು ಕೌದಿ ಬೇಕಾಯಿತು. ಕೌದಿಗಳಿದ್ದ ಪೆಟ್ಟಿಗೆ ಕುರ್ಚಿಯ ಖೋಲಿಯಲ್ಲಿತ್ತು. ಅವರು ಕಣ್ಣು ಮುಚ್ಚಿದ್ದರು. ನಾನು ಕೇಳದೆ ಬಾಗಿಲು ದೂಡಿ ಒಳಗೆ ಹೋದೆ.

ಮೊದಲು ಏನೂ ಕಾಣಲಿಲ್ಲ. ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಕತ್ತಲೆ ಕಣ್ಣಿಗೆ ಒಗ್ಗಿದ ಮೇಲೆ ಮೇಲೆ ನೋಡಿದೆ. ಕುರ್ಚಿಯ ನೆತ್ತಿಯ ಮೇಲೆ, ತೊಲೆಗಳ ಕೆಳಗೆ, ಒಂದು ಹಳೆಯ ಸೀರೆಯನ್ನು ನಾಲ್ಕು ಮೂಲೆಗೆ ಮೊಳೆ ಹೊಡೆದು ಕಟ್ಟಿದ್ದರು. ಸೀರೆ ಮಣ್ಣಿನ ಭಾರಕ್ಕೆ ತುಂಬಿದ ಬಸುರಿಯ ಹೊಟ್ಟೆಯ ಹಾಗೆ ಜೋತುಬಿದ್ದಿತ್ತು. ಅಂಚಿನಿಂದ ಸಣ್ಣ ಹುಡಿ ಉದುರುತ್ತಲೇ ಇತ್ತು. ಗೋಡೆಯಿಂದ ತೊಲೆಯವರೆಗೆ ಗೆದ್ದಲಿನ ಹಾದಿಗಳು, ಬೆರಳು ದಪ್ಪ.

ಹಿಂದೆ ಸಪ್ಪಳವಾಯಿತು. ಆಯಿ ಕೌದಿ ಹೊದ್ದು ಬಾಗಿಲಿಗೆ ಆತು ನಿಂತಿದ್ದರು.

ನನಗೆ ಅಳು ಬಂತು. "ಆಯೀ, ಮ್ಯಾಲ ನೆಲಾ ಸೀಳೇತ್ರಿ. ಬ್ಯಾಸಿಗ್ಯಾಗಿಂದ ಸೀಳೇತಿ. ನಾ ಹೇಳಲಿಲ್ಲ. ಜಮಖಾನಿ ಹಾಸಿ ಮುಚ್ಚಿದ್ದೆ," ಎಂದೆ.

"ನನ್ನ ತಲಿ ಮ್ಯಾಲ ಬೀಳೂ ಮಣ್ಣು ನನಗ ಗೊತ್ತಾಗಂಗಿಲ್ಲೇನು?" ಎಂದರು ಆಯಿ. "ಎರಡ ವರ್ಷಾತು."

"ಮತ್ತ ಇಲ್ಲೇ ಯಾಕ ಕುಂದರತೀರಿ?"

ಅವರು ಮೆಲ್ಲಗೆ ಬಂದು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟರು. "ಮೃತ್ಯುಪತ್ರದಾಗ ಅವರು ಬರದಾರ. ಪೇಟಿ ಅದರ ಜಾಗಾ ಬಿಟ್ಟ ಅಲಗಿತಂದ್ರ ಮನಿ ತಮ್ಮನ ಮಗಗ ಹೋಗತೈತಿ. ಜಾಗಾ ಬದಲಾದ್ರ ಅದು ಬ್ಯಾರೆ ಪೇಟಿ ಆಗತೈತಿ ಅಂತಿದ್ರು. ಹಠದ ಮನಶಾ. ತೊಲಿಗೂ ವಯಸ್ಸಾಗತೈತಿ ಅನ್ನೂದ ಅವರ ತಲ್ಯಾಗ ಬರಲಿಲ್ಲ. ನಾ ಬಾಯಿ ಬಿಟ್ಟಿದ್ರ ನೀ ಇಷ್ಟ ಕಲೀತಿರ್ಲಿಲ್ಲ."

ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ನಾನು ಮೇಲೆ ಮುಚ್ಚುತ್ತಿದ್ದೆ, ಅವರು ಕೆಳಗೆ ಮುಚ್ಚುತ್ತಿದ್ದರು. ನಾನು ಬಾರಿಸಿದಷ್ಟೂ ಅವರ ತಲೆಯ ಮೇಲೆ ಮಣ್ಣು ಬೀಳುತ್ತಿತ್ತು, ಅವರು ಕೂತು ಕೇಳುತ್ತಿದ್ದರು.

ಜ್ವರ ಇಳಿದ ಮೇಲೆ ಆಯಿ ಬಡಿಗೇರನನ್ನು ಕರೆಸಿದರು. ಅವನು ಸೀರೆ ಬಿಚ್ಚಿ, ಏಣಿ ಹಾಕಿ, ತೊಲೆಗೆ ಉಳಿ ಚುಚ್ಚಿದ. ಉಳಿ ಹಿಡಿಯವರೆಗೆ ಒಳಗೆ ಹೋಯಿತು. ಅವನು ಇಳಿದು ಬಂದು ಕೈ ಒರೆಸಿಕೊಂಡ.

"ಅವ್ವಾರ, ಇದರಾಗ ಕಟಿಗೀನ ಉಳಿದಿಲ್ರಿ. ಪೇಟಿ ಇಳಸ್ರಿ ಮದಲ. ಇಳಸುವಾಗ ಸೈತ ನಾಕ ಮಂದಿಗಿಂತ ಹೆಚ್ಚ ಮ್ಯಾಲ ನಿಂದ್ರಬಾರ್ದು."

ಆಯಿ ಕೆಳಗೆ ಬಿದ್ದಿದ್ದ ಸೀರೆಯನ್ನು ಕೊಡವಿ ಮಡಿಚಿದರು. ಕೊನೆಗೆ, "ಮನಿ ಹೋದ್ರ ಹೋಗ್ಲಿ. ಇಳಸೂಣು," ಎಂದರು.

ಬುಧವಾರ ಬೆಳಿಗ್ಗೆ ಅರಳೆ ಪೇಟೆಯಿಂದ ಹಮಾಲರು ಬಂದರು. ಆರು ಜನ. ಹಗ್ಗ, ಗಳ, ಗೋಣಿ ತಟ್ಟು ತಂದಿದ್ದರು. ನಗುತ್ತ, ಒಬ್ಬರಿಗೊಬ್ಬರು ಲೇ ಲೇ ಎನ್ನುತ್ತ ಜಿನ್ನೆ ಹತ್ತಿದರು. ನಾನು ಮಹಡಿಯ ಬಾಗಿಲಲ್ಲಿ ನಿಂತು ಎಣಿಸಿದೆ. ಬಡಿಗೇರ ಹೇಳಿದ್ದು ನಾಲ್ಕು. ಆಯಿ ಹೇಳಿರುತ್ತಾರೆ ಎಂದುಕೊಂಡೆ. ಬಡಿಗೇರನೇ ಹೇಳಿರುತ್ತಾನೆ ಎಂದು ಆಯಿ ತಿಳಿದಿದ್ದರು. ಯಾರೂ ಹೇಳಿರಲಿಲ್ಲ.

ಹಮಾಲರು ಹಗ್ಗ ಬಿಗಿಯುವ ಮೊದಲು ಆಯಿ ಕೆಳಗಿನಿಂದ ಕೂಗಿದರು. "ತಡೀರಪಾ ಒಂದೀಟು. ಮಗಳ, ಇದ ಕಡೀ ಸಲ. ಅವರು ಬಾರಸ್ತಿದ್ದದ್ದ ಬಾರಸು. ನಾ ಕುಂತೇನಿ."

ಕುರ್ಚಿ ಎಳೆದ ಸದ್ದು ನೆಲದೊಳಗಿನಿಂದ ಕೇಳಿಸಿತು. ಹಮಾಲರು ಸರಿದು ಗೋಡೆಗೆ ಆತು ನಿಂತರು, ಅವರಿಗೂ ಕೇಳುವ ಕುತೂಹಲ. ನಾನು ಸ್ಟೂಲಿನ ಮೇಲೆ ಕೂತೆ. ವಕೀಲರ ಮೆಚ್ಚಿನದೆಂದು ಅಕ್ಕೋರು ನನಗೆ ಕಲಿಸಿದ್ದ ಆ ರಚನೆ ಎಡಗೈಯ ಕೊನೆಯ ಮನೆಗಳಿಂದಲೇ ಶುರುವಾಗುತ್ತಿತ್ತು. ಕೈ ಮನೆಗಳ ಮೇಲಿತ್ತು. ಇದಾದ ಮೇಲೆ ಈ ಪಿಯಾನೊ ನನಗೆ ಇನ್ನು ಸಿಗುವುದೋ ಇಲ್ಲವೋ ಗೊತ್ತಿರಲಿಲ್ಲ. ಬಾರಿಸಬೇಕೆಂಬ ಆಸೆ ಬಹಳವಿತ್ತು. ಕೆಳಗೆ ಅವರ ತಲೆ ಸರಿಯಾಗಿ ನನ್ನ ಕಾಲ ಕೆಳಗಿದೆ ಎಂಬುದೂ ಗೊತ್ತಿತ್ತು. ಕೈ ತೆಗೆದೆ.

"ನಾ ಬಾರ್ಸಂಗಿಲ್ರಿ ಆಯಿ," ಎಂದು ಕೂಗಿದೆ.

"ಏನಂದಿ?"

"ಬಾರ್ಸಂಗಿಲ್ಲ!"

ಅವರಿಗೆ ನಾನು ಎಂದೂ ಎದುರಾಡಿರಲಿಲ್ಲ. ಕೆಳಗೆ ಕುರ್ಚಿ ಹಿಂದೆ ಸರಿದ ಸದ್ದಾಯಿತು. ನನ್ನನ್ನು ಬೈಯುತ್ತ ಅವರು ಖೋಲಿಯಿಂದ ಹೊರಗೆ, ಅಂಗಳಕ್ಕೆ ಬಂದರು. ನಾನು ಸ್ಟೂಲು ಬಿಟ್ಟು ಓಡಿ ಜಿನ್ನೆಗೆ ಬಂದೆ. "ಇಷ್ಟ ಕಲಿಸಿದ್ದಕ್ಕ ಇದೇನ ನಿನ್ನ ಮರ್ಯಾದಿ?" ಎಂದು ಅವರು ಕೆಳಗಿನಿಂದ ನನ್ನ ಮುಖ ನೋಡಿ ಕೂಗುತ್ತಿದ್ದರು. ನಾನು ಅಳುತ್ತ ಇಳಿದು ಅವರ ಕೈ ಹಿಡಿದುಕೊಂಡೆ. ಕಾಯುತ್ತ ಬೇಸತ್ತ ಹಮಾಲರು ಅಷ್ಟರಲ್ಲಿ ಹಗ್ಗ ಬಿಗಿದು "ಹೂಂ, ಎತ್ತು" ಎಂದರು.

ಮೊದಲು ಒಣ ಕಟ್ಟಿಗೆ ಮುರಿದ ಒಂದೇ ಸದ್ದು. ಆಮೇಲೆ ಮನೆಯೇ ಉಸಿರು ಬಿಟ್ಟಂತೆ ಮಣ್ಣಿನ ಮೋಡ ಖೋಲಿಯ ಬಾಗಿಲಿನಿಂದ ಅಂಗಳಕ್ಕೆ ನುಗ್ಗಿತು. ಆ ಮೋಡದೊಳಗಿಂದ ಪಿಯಾನೊದ ತಂತಿಗಳೆಲ್ಲ ಒಟ್ಟಿಗೆ ನುಡಿದವು. ಆ ನಾದ ಬಹಳ ಹೊತ್ತಿನವರೆಗೆ ಗುಂಯ್‌ಗುಡುತ್ತಲೇ ಇತ್ತು. ಅದು ಅಡಗಿದ ಮೇಲೆ ಒಬ್ಬ ಮನುಷ್ಯನ ಕೂಗು ಕೇಳಿಸಿತು.

ಐವರು ಗೋಡೆಯ ಕಡೆಯ ನೆಲ ಹಿಡಿದು ಉಳಿದುಕೊಂಡಿದ್ದರು. ಆರನೆಯವನು ಪಿಯಾನೊದ ಜೊತೆಗೇ ಕೆಳಗೆ ಬಂದಿದ್ದ. ಅವನ ಬಲಗಾಲು ಅದರ ಅಡಿಯಲ್ಲಿತ್ತು. ಆಯಿಯ ಕುರ್ಚಿಯ ಗುರುತೇ ಇರಲಿಲ್ಲ. ಸದ್ದು ಕೇಳಿ ಮೊದಲು ಓಡಿ ಬಂದವನು ಆ ತಮ್ಮನ ಮಗನೇ. ಮೇಲಿಂದ ಇನ್ನೂ ಜಂತಿಗಳು ಜೋತಾಡುತ್ತಿದ್ದವು. ಅವನು ಅದನ್ನು ನೋಡದೆ ಒಳಗೆ ನುಗ್ಗಿ, ಗಳ ಹಾಕಿ ಮೀಟಿ, ಹಮಾಲನನ್ನು ಎಳೆದು ಹೊರಗೆ ತಂದ. ತನ್ನ ಅರಳೆ ಗಾಡಿಯಲ್ಲೇ ದವಾಖಾನೆಗೆ ಒಯ್ದ.

ಸಂಜೆ ವಾಪಸು ಬಂದು ಮೈಯೆಲ್ಲ ಮಣ್ಣಾಗಿದ್ದವನು ಕಟ್ಟೆಯ ಮೇಲೆ ಕೂತ. "ದೊಡ್ಡವ್ವ, ಎರಡ ವರ್ಷದಿಂದ ಬಡಕೊಂಡೆ, ಈ ಮನಿ ಗಟ್ಟಿ ಇಲ್ಲ ಅಂತ. ನೀ ಮನಿಗಾಗಿ ಬಂದಾನ ಅಂತ ತಿಳಕೊಂಡಿ," ಎಂದ.

ಆಯಿ, "ಬಂದಿದ್ದಿಲ್ಲೇನ ಮತ್ತ?" ಎಂದು ಕೇಳಿದರು.

ಅವನು ತೋಳಿನ ಮಣ್ಣು ಕೊಡವುತ್ತ, "ಅದಕ್ಕೂ ಬಂದಿದ್ದೆ," ಎಂದ.

ಮನೆ ಅವನದಾಯಿತು. ಅವನು ಅದನ್ನು ಕೆಡವಿ ಅರಳೆಯ ಗೋದಾಮು ಕಟ್ಟಿದ. ತೋಟದ ಮಾತು ಮೃತ್ಯುಪತ್ರದಲ್ಲಿ ಬೇರೆಯಾಗಿಯೇ ಇತ್ತು. ಅದು ಮಕ್ಕಳ ಕಲಿಕೆಗೆ ಎಂದಷ್ಟೇ ಇದ್ದು, ಪಿಯಾನೊ ಯಾವ ಜಾಗದಲ್ಲಿರಬೇಕೆಂದು ಅಲ್ಲಿ ಬರೆದಿರಲಿಲ್ಲ. ಹಾಗಾಗಿ ಆಯಿ ಕಲಾದಗಿಯ ತೋಟದ ಮನೆಗೆ ಹೋಗಿ ಇದ್ದು, ನನ್ನನ್ನು ಧಾರವಾಡಕ್ಕೆ ಕಳಿಸಿದರು. ಗದಗಿನ ಅಕ್ಕೋರ ತಂಗಿಯ ಮನೆಯಲ್ಲಿ ಒಂದು ಸಣ್ಣ ಪಿಯಾನೊ ಇತ್ತು. ಅಲ್ಲಿ ಕಲಿತೆ. ನನ್ನ ಹಿಂದೆ ಇಳಕಲ್ಲಿನ ಒಬ್ಬ ನೇಕಾರರ ಹುಡುಗಿ ಬಂದಳು, ಅವಳ ಹಿಂದೆ ಇನ್ನೊಬ್ಬಳು. ಮುಂದೆ ನಾನು ಸಂಗೀತದ ಅಕ್ಕೋರೇ ಆದೆ. ಬಿರುಕಿನ ಮಾತನ್ನು ಅಪ್ಪನಿಗೆ ಮಾತ್ರ ಎಂದೂ ಹೇಳಲಿಲ್ಲ.

ಹಮಾಲನ ಕಾಲು ಉಳಿಯಿತು, ಆದರೆ ಪಾದ ಒಳಗೆ ತಿರುಗಿಕೊಂಡಿತ್ತು, ಭಾರ ಹೊರುವ ಕೆಲಸ ಮುಗಿದುಹೋಯಿತು. ಆಯಿ ಅವನನ್ನು ಹೆಂಡತಿ ಮಕ್ಕಳ ಸಮೇತ ಕರೆಸಿ ತೋಟದ ಕಾವಲಿಗೆ ಇಟ್ಟುಕೊಂಡರು. ಎರಡು ವರ್ಷದ ಮೇಲೆ ರಜೆಗೆ ಬಂದಾಗ ನಾನು ಕಲಾದಗಿಗೆ ಹೋದೆ. ಆಯಿ ಪೂಜೆಗೆ ಕೂತಿದ್ದರು. ಅವನು ದಾಳಿಂಬೆ ಗಿಡಗಳ ನಡುವೆ ಕಾಲು ಎಳೆಯುತ್ತ ನೀರು ತಿರುಗಿಸುತ್ತಿದ್ದ. ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಅವನ ಮುಂದೆ ನಿಂತು ಹೇಳಿಬಿಟ್ಟೆ. ನೆಲ ಸೀಳಿದ್ದು ಗೊತ್ತಿತ್ತು, ನಾಲ್ಕೇ ಜನ ನಿಲ್ಲಬೇಕೆಂದು ಬಡಿಗೇರ ಹೇಳಿದ್ದನ್ನು ಕೇಳಿದ್ದೆ, ಆರು ಜನ ಹತ್ತಿದ್ದನ್ನು ಎಣಿಸಿದ್ದೆ ಎಂದೆ.

ಅವನು ಸಲಿಕೆ ನೆಲಕ್ಕೆ ಊರಿ ನಿಂತು ಎಲ್ಲ ಕೇಳಿದ.

"ಹಂಗಾದ್ರ ಅವತ್ತ ಹೇಳಬೇಕಿತ್ತಲ್ಲವ್ವ," ಎಂದ.

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. ನಾನು ತಲೆ ತಗ್ಗಿಸಿ ನಿಂತೆ. ನೀರು ಮುಂದಿನ ಮಡಿಗೆ ಹರಿಯತೊಡಗಿತ್ತು. ಅವನು ಸಲಿಕೆ ಎತ್ತಿಕೊಂಡು, ಒದ್ದೆ ಮಣ್ಣಿನಲ್ಲಿ ಆ ಕಾಲು ಎಳೆಯುತ್ತ, ನೀರು ತಿರುಗಿಸಲು ಹೋದ.